ಒತ್ತಿದರೂ ಬಾರದ ಒತ್ತು

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಮೂರನೆಯ ದಿನ ದಾವಣಗೆರೆಯಲ್ಲಿರುವ ಸೋದರಮಾವನ ಮಗನಿಗೆ ಒಂದು ಮೇಲ್ ಬರೆದೆ. ‘ಚಿಕ್ಕಪ್ಪ ಬಂದಿದ್ದರು, ಅಮ್ಮ ಅಕ್ಕಿರೊಟ್ಟಿ ಮಾಡಿದ್ದಳು’ ಅಂತ ಹೋಗಬೇಕಿತ್ತು. ಹೋದದ್ದು ‘ಚಿಕಕಪಪ ಬಂದಿದದರು, ಅಮಮ ಅಕಕಿರೊಟಟಿ ಮಾಡಿದದಳು’ ಅಂತ. ಹತ್ತು ನಿಮಿಷಕ್ಕೆ ಅವನ ಉತ್ತರ ಬಂತು: ‘ಯಾವ ಭಾಷೆ ಕಲೀತಿದ್ದೀಯ? ಕೇಳೋಕೆ ಇಂಪಾಗಿದೆ.’

ಪರದೆ ನೋಡದೆ ಟೈಪ್ ಮಾಡುವುದು ನನ್ನ ಹಳೆಯ ಜಂಬ. ಆ ಜಂಬ ಅಲ್ಲಿಗೆ ಇಳಿಯಿತು. ಕನ್ನಡಕ ಏರಿಸಿಕೊಂಡು ಒಂದೊಂದೇ ಕೀ ಒತ್ತಿ ನೋಡಿದೆ. ಎಲ್ಲವೂ ನೆಟ್ಟಗಿದ್ದವು, ಎಫ್ ಒಂದನ್ನು ಬಿಟ್ಟು. ಅದು ನಾಲ್ಕು ಸಲ ಒತ್ತಿದರೆ ಮೂರು ಸಲ ಓಗೊಡುತ್ತಿತ್ತು. ನಾಲ್ಕನೆಯ ಸಲ, ಕರೆದರೂ ಕೇಳಿಸದವರ ಹಾಗೆ ಸುಮ್ಮನಿರುತ್ತಿತ್ತು.

ಎಫ್ ಹೋದರೆ ಏನು ಮಹಾ ಎನ್ನುವವರು ಇಂಗ್ಲಿಷಿನಲ್ಲಿ ಬರೆಯುವವರು. ಅವರಿಗೆ ನೂರು ಅಕ್ಷರಕ್ಕೆ ಎರಡು ಸಲ ಬೇಕಾದರೆ ಹೆಚ್ಚು. ನನ್ನಂಥವರ ಕಥೆ ಬೇರೆ. ಕೆ. ಪಿ. ರಾವ್ ಅವರು ಕನ್ನಡದ ಅಷ್ಟೂ ಅಕ್ಷರಸಂಸಾರವನ್ನು ಇಂಗ್ಲಿಷಿನ ಇಪ್ಪತ್ತಾರು ಕೀಗಳ ಮನೆಯಲ್ಲಿ ಒಗ್ಗಟ್ಟಾಗಿ ಇರುವಂತೆ ಕೂರಿಸಿದರಲ್ಲ, ‘ನುಡಿ’ ತಂತ್ರಾಂಶ ಬಳಸುವವರೆಲ್ಲ ಇವತ್ತಿಗೂ ಒತ್ತುವ ಆ ವಿನ್ಯಾಸದಲ್ಲಿ, ಎಫ್ ಎಂದರೆ ಎಫ್ ಅಲ್ಲ, ಒತ್ತು. ಕ ಬರೆದು, ಎಫ್ ಒತ್ತಿ, ಮತ್ತೆ ಕ ಬರೆದರೆ ‘ಕ್ಕ’. ನಡುವಿನ ಎಫ್ ಕೈಕೊಟ್ಟರೆ ಎರಡು ಕಗಳು ಸಂಬಂಧವಿಲ್ಲದ ಬಸ್ ಪ್ರಯಾಣಿಕರಂತೆ ಪಕ್ಕಪಕ್ಕ ಕೂತಿರುತ್ತವೆ. ‘ಚಿಕ್ಕಪ್ಪನ ಅಕ್ಕಿಹಿಟ್ಟಿನ ರೊಟ್ಟಿ’ ಎಂಬ ಮೂರೇ ಪದಕ್ಕೆ ಐದು ಎಫ್ ಬೇಕು. ಲ್ಯಾಪ್‌ಟಾಪ್ ಎಂದು ಬರೆಯಲಿಕ್ಕೇ ಮೂರು ಬೇಕು. ನನ್ನ ಹೊಸ ಯಂತ್ರ ಮೂರರಲ್ಲೂ ತಪ್ಪಿ, ತನ್ನ ಹೆಸರನ್ನು ‘ಲಯಾಪಟಾಪ’ ಎಂದು ಬರೆದುಕೊಂಡಿತು. ಯಾವುದೋ ಆಯುರ್ವೇದದ ಲೇಹ್ಯದ ಹಾಗೆ.

ಇದಕ್ಕೆ ನಾನು ಕೊಟ್ಟ ಬೆಲೆ 1,38,000 ರೂಪಾಯಿ.

ಅಂಗಡಿಯ ಹುಡುಗ ಇದನ್ನು ‘ಪ್ರೀಮಿಯಂ ಸೆಗ್ಮೆಂಟ್ ಸಾರ್’ ಎಂದಿದ್ದ. ನಮ್ಮ ಮನೆಯಲ್ಲಿ ಅದುವರೆಗೆ ಪ್ರೀಮಿಯಂ ಎಂದರೆ ವಿಮೆಗೆ ವರ್ಷಕ್ಕೊಮ್ಮೆ ಕಟ್ಟುವ ದುಡ್ಡು. ಅದರ ಸುಖ ಏನಿದ್ದರೂ ಕಟ್ಟಿದವನು ಹೋದಮೇಲೆ, ಉಳಿದವರಿಗೆ. ಒಮ್ಮೆಯಾದರೂ ಬದುಕಿರುವಾಗಲೇ ಅನುಭವಿಸುವ ಪ್ರೀಮಿಯಂ ಕಟ್ಟೋಣ ಅನ್ನಿಸಿತು. ಅಮ್ಮ ಬೆಲೆ ಕೇಳಿ, ‘ಎರಡು ಸೀಮೆಹಸು ಬರ್ತಿತ್ತಲ್ಲೋ’ ಎಂದಳು. ಹೆಂಡತಿ, ‘ಹಾಲು ಕೊಡೋ ಹಸು ಒದ್ರೂ ತಡ್ಕೋಬಹುದಿತ್ತು’ ಎಂದು ಸೇರಿಸಿದಳು. ಆಗ ಅದು ಬರೀ ಮಾತು ಅಂದುಕೊಂಡಿದ್ದೆ. ಲ್ಯಾಪ್‌ಟಾಪು ನಿಜವಾಗಿಯೂ ಒದೆಯುತ್ತದೆ ಎಂದು ಗೊತ್ತಾದದ್ದು ಆಮೇಲೆ.

ಹಳೆಯದು ಹನ್ನೊಂದು ವರ್ಷ ಬಾಳಿತ್ತು. ಕೊನೆಕೊನೆಗೆ ಅದರ ಮುಚ್ಚಳ ನಿಲ್ಲಲು ಹಿಂದೆ ನಿಘಂಟು ಇಡಬೇಕಿತ್ತು. ಫ್ಯಾನು ಶುರುವಾದರೆ ಅಡುಗೆಮನೆಯಿಂದ ‘ಚಟ್ನಿ ನಾನು ರುಬ್ತೀನಿ, ನೀವ್ಯಾಕೆ’ ಎಂಬ ಕೂಗು ಬರುತ್ತಿತ್ತು. ಆದರೆ ಅದನ್ನು ಬೈಯುವುದರಲ್ಲಿ ಒಂದು ನೆಮ್ಮದಿ ಇತ್ತು. ದರಿದ್ರದ್ದು, ಡಬ್ಬ, ತಗಡು ಎಂದು ಬಾಯಿಗೆ ಬಂದದ್ದನ್ನು ಅನ್ನಬಹುದಿತ್ತು. ಲೇಖನ ತಡವಾದರೆ ತಪ್ಪು ಅದರದ್ದು, ಚೆನ್ನಾಗಿ ಬಾರದಿದ್ದರೂ ಅದರದ್ದೇ. ಅಗ್ಗದ ವಸ್ತುವಿನ ದೋಷ ವಸ್ತುವಿನದ್ದು, ದುಬಾರಿ ವಸ್ತುವಿನ ದೋಷ ಕೊಂಡವನದ್ದು ಎಂಬ ಸತ್ಯ ನನಗಿನ್ನೂ ತಿಳಿದಿರಲಿಲ್ಲ. ಸಂತೆಯಲ್ಲಿ ಕೊಂಡ ಛತ್ರಿ ಮಗುಚಿಕೊಂಡರೆ ಜನ ಛತ್ರಿಯನ್ನು ನೋಡಿ ನಗುತ್ತಾರೆ. ಐದು ಸಾವಿರದ ಛತ್ರಿ ಮಗುಚಿಕೊಂಡರೆ ಹಿಡಿದವನ ಮುಖ ನೋಡುತ್ತಾರೆ.

ಹಾಗಾಗಿ ನಾನು ಬಹಳ ದಿನ ಎಫ್ ವಿಚಾರವನ್ನು ಮನೆಯಲ್ಲಿ ಬಾಯಿಬಿಡಲಿಲ್ಲ. ಯಾರಾದರೂ ‘ಹೇಗಿದೆ ಹೊಸದು?’ ಎಂದರೆ ತೂಕದ ಬಗ್ಗೆ ಮಾತಾಡುತ್ತಿದ್ದೆ. ತೂಕ ನಿಜಕ್ಕೂ ಕಡಿಮೆ, 1.2 ಕಿಲೋ. ಬೇಕಿದ್ದರೆ 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್‌ಬೋರ್ನ್ 1 ಎಂಬ ‘ಹೊತ್ತೊಯ್ಯಬಹುದಾದ’ ಕಂಪ್ಯೂಟರಿನ ಕಥೆಯನ್ನೂ ಹೇಳುತ್ತಿದ್ದೆ: ಅದರ ತೂಕ ಸುಮಾರು 11 ಕಿಲೋ, ಪರದೆ ಐದೇ ಇಂಚು, ಒಳಗೆ ಬ್ಯಾಟರಿಯೇ ಇಲ್ಲ, ಮುಚ್ಚಿದರೆ ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಕಾಣುತ್ತಿತ್ತು, ಎಲ್ಲಿಗೆ ಹೊತ್ತುಕೊಂಡು ಹೋದರೂ ಮೊದಲು ಪ್ಲಗ್ ಪಾಯಿಂಟ್ ಹುಡುಕಬೇಕಿತ್ತು. ಅದಕ್ಕೆ ಹೋಲಿಸಿದರೆ ಇದು ಹೂವು ಎಂದು ಮುಗಿಸುತ್ತಿದ್ದೆ. ಕೇಳಿದವರಿಗೆ, ಇವನು ಯಾಕೆ ನಲವತ್ತು ವರ್ಷ ಹಿಂದಕ್ಕೆ ಹೋಗಿ ಹೋಲಿಸುತ್ತಿದ್ದಾನೆ ಎಂಬ ಅನುಮಾನ ಬಂದಿರಬೇಕು. ಮದುವೆಗಂಡಿನ ವಿದ್ಯೆ ಕೇಳಿದರೆ ಅಜ್ಜನ ಜಮೀನಿನ ಕಥೆ ಹೇಳುವವರ ದಾರಿ ಅದು.

ಹೊಗಳುವುದಕ್ಕೂ ಇದರಲ್ಲಿ ಇಲ್ಲದೇ ಇಲ್ಲ. ಕಳೆದ ಆಷಾಢದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕುವೆಂಪುನಗರದ ನಮ್ಮ ಇಡೀ ಬೀದಿ ಕತ್ತಲಾಯಿತು. ಹಳೆಯದಾಗಿದ್ದರೆ ದೀಪ ಹೋದ ಕ್ಷಣಕ್ಕೇ ತಾನೂ ಕಣ್ಣು ಮುಚ್ಚಿ, ಉಳಿಸದ ಎರಡು ಪ್ಯಾರಾವನ್ನು ಜೊತೆಗೇ ಒಯ್ಯುತ್ತಿತ್ತು. ಇದು ಮಾತ್ರ ಸದ್ದಿಲ್ಲದೆ ಬೆಳಗುತ್ತ ಕೂತಿತ್ತು. ಕೀಗಳ ಕೆಳಗಿಂದ ಸಣ್ಣ ಬೆಳಕು ಬಂತು. ಕಪ್ಪೆಗಳು ವಟಗುಟ್ಟುತ್ತಿದ್ದವು. ನಾನು ರಾತ್ರಿ ಒಂದರವರೆಗೂ ಬರೆದೆ. ಲಿಥಿಯಂ ಅಯಾನ್ ಬ್ಯಾಟರಿ ಮೊದಲ ಬಾರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಯುನಿಕೋಡ್‌ನ ಮೊದಲ ಆವೃತ್ತಿ ಹೊರಬಿದ್ದು, ಅದರಲ್ಲಿ ಕನ್ನಡಕ್ಕೂ ಒಂದು ಓಣಿ ಸಿಕ್ಕಿದ್ದು ಅದೇ 1991ರಲ್ಲಿ. ಒಂದೇ ವರ್ಷದ ಆ ಎರಡು ಕೂಸುಗಳು ಮೂರು ದಶಕ ದಾಟಿ ನನ್ನ ತೊಡೆಯ ಮೇಲೆ ಕತ್ತಲಲ್ಲಿ ಜೊತೆಯಾಗಿ ಕೂತಿವೆ ಅನ್ನಿಸಿ ಮನಸ್ಸು ತುಂಬಿ ಬಂತು. ಬೆಳಿಗ್ಗೆ ಓದಿದಾಗ ಅರ್ಧಕ್ಕರ್ಧ ಒತ್ತು ಇರಲಿಲ್ಲ. ಯುನಿಕೋಡ್‌ನಲ್ಲಿ ಒತ್ತಕ್ಷರಕ್ಕೆಂದು ಬೇರೆ ಸಂಖ್ಯೆ ಇಟ್ಟಿಲ್ಲ. ಎರಡು ವ್ಯಂಜನಗಳ ನಡುವೆ ಒಂದು ವಿರಾಮ ಚಿಹ್ನೆ ಇದ್ದರೆ, ಅದನ್ನು ಕಂಡು ಅಕ್ಷರವನ್ನು ಕೆಳಗಿಳಿಸುವ ಕೆಲಸ ಫಾಂಟಿನದ್ದು. ಆ ವಿರಾಮವನ್ನು ತರಬೇಕಾದ ಎಫ್ ತಾನೇ ವಿರಾಮ ತೆಗೆದುಕೊಂಡಿತ್ತು.

ಕೊನೆಗೆ ಸರ್ವಿಸ್ ಸೆಂಟರಿಗೆ ಹೋದೆ. ದಂತವೈದ್ಯರ ಕುರ್ಚಿ ಕಂಡರೆ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ ಆ ಹುಡುಗನ ಮೇಜು ಕಂಡದ್ದೇ ಎಫ್‌ಗೆ ಎಲ್ಲಿಲ್ಲದ ಚೈತನ್ಯ ಬಂತು. ಅವನು ಇಪ್ಪತ್ತು ಸಲ ಒತ್ತಿದ, ಇಪ್ಪತ್ತೂ ಎಫ್ ಸಾಲಾಗಿ ಬಂದು ನಿಂತವು.

‘ಬರ್ತಾ ಇದೆಯಲ್ಲ ಸಾರ್.’

‘ಜೋರಾಗಿ ಟೈಪ್ ಮಾಡುವಾಗ ಬರಲ್ಲಪ್ಪ.’

‘ಮೆಲ್ಲಗೆ ಮಾಡಿ ಸಾರ್.’

‘ದಿನಕ್ಕೆ ಸಾವಿರ ಸಲ ಬೇಕು ನನಗೆ ಅದು.’

ಅವನು ತಲೆಯೆತ್ತಿ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. ‘ಅಷ್ಟೊಂದು ಎಫ್ ಇಟ್ಕೊಂಡು ಏನು ಮಾಡ್ತೀರಾ ಸಾರ್?’

ಕನ್ನಡದ ಸಂಯುಕ್ತಾಕ್ಷರಗಳ ಬಗ್ಗೆ ನಿಂತಲ್ಲೇ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಹುಡುಗ ವಿನಯದಿಂದ ಕೇಳಿಸಿಕೊಂಡ. ಆಮೇಲೆ ಅವನು ವಿವರಿಸಿದ್ದು ಇಷ್ಟು: ಈಗಿನ ತೆಳು ಯಂತ್ರಗಳಲ್ಲಿ ಕೀ ಕೆಳಗಿಳಿಯುವುದೇ ಒಂದು, ಒಂದೂವರೆ ಮಿಲಿಮೀಟರ್. ಎಫ್ ಒಂದನ್ನೇ ಬದಲಿಸಲಾಗುವುದಿಲ್ಲ, ಕೀಲಿಮಣೆ ಬದಲಿಸಬೇಕು. ಕೀಲಿಮಣೆ ಮೇಲಿನ ತಗಡಿಗೆ ಅಂಟಿಕೊಂಡಿದೆ, ಆದ್ದರಿಂದ ಇಡೀ ತಗಡು ಬದಲಿಸಬೇಕು. ತಪ್ಪು ಕಣ್ಣಿಗೆ ಕಾಣದೆ ವಾರಂಟಿಯಲ್ಲಿ ಅದು ಆಗುವುದಿಲ್ಲ. ಒಂದು ಹಲ್ಲು ಅಲ್ಲಾಡಿದರೆ ದವಡೆಯನ್ನೇ ಬದಲಿಸುವ ವೈದ್ಯಪದ್ಧತಿ. ತಪ್ಪು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಲಿ ಎಂದು ಹಾರೈಸುತ್ತ ಮನೆಗೆ ಬಂದೆ.

ಅವತ್ತಿನಿಂದ ನಾನು ಇದರ ವಕೀಲನಾದೆ. ದಸರಾ ಬಂತು, ಆಯುಧಪೂಜೆಯ ದಿನ ಅಮ್ಮ ಸ್ಕೂಟರು, ಈಳಿಗೆಮಣೆ, ಮಿಕ್ಸಿಯ ಸಾಲಿನಲ್ಲಿ ಇದನ್ನೂ ಇಟ್ಟು, ತೆರೆದ ಕೀಲಿಮಣೆಯ ಮೇಲೇ ಅರಿಶಿನ ಕುಂಕುಮ ಅಕ್ಷತೆ ಹಾಕಿಬಿಟ್ಟಳು. ಮಾರನೆಯ ದಿನವೇ ನಾನು ಎಫ್‌ನ ವಿಚಾರ ಬಹಿರಂಗಪಡಿಸಿದೆ. ‘ಕುಂಕುಮ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ಇಂಥ ಯಂತ್ರಕ್ಕೆ ಹೀಗೆ ಆಗೋ ಮಾತೇ ಇಲ್ಲ’ ಎಂದೆ. ಹೆಂಡತಿ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: ‘ದಾವಣಗೆರೆಗೆ ಅಕಕಿರೊಟಟಿ ಕಳಿಸಿದ್ದು ಹಬ್ಬಕ್ಕೆ ಮುಂಚೆ ಅಲ್ವಾ?’ ಆ ಮೇಲ್ ಅಷ್ಟು ಹೊತ್ತಿಗೆ ನೆಂಟರ ವಾಟ್ಸ್ಯಾಪ್ ಗುಂಪಿನಲ್ಲೆಲ್ಲ ತಿರುಗಾಡಿ ಬಂದಿತ್ತು. ಹೆತ್ತ ತಾಯಿಯ ಭಕ್ತಿಯ ಮೇಲೆ ತಪ್ಪು ಹೊರಿಸಿ ಒಂದು ತಗಡನ್ನು ಉಳಿಸಲು ಹೊರಟಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಬೇರೆ ದಾರಿಯನ್ನೂ ನೋಡಿದೆ. ಒತ್ತೇ ಇಲ್ಲದ ಕನ್ನಡದಲ್ಲಿ ಬರೆದರೆ ಹೇಗೆ? ಒಂದನೇ ತರಗತಿಯಲ್ಲಿ ನಾವೆಲ್ಲ ಅರಸ, ಅಗಸ, ಗರಗಸ ಎಂದು ಒತ್ತಿಲ್ಲದೆಯೇ ಒಂದು ವರ್ಷ ನೂಕಿದವರಲ್ಲವೇ. ಕೂತು ಬರೆದೆ: ‘ಮಳೆ ಬಂತು. ಕೆರೆ ತುಂಬಿತು. ರೈತ ನೇಗಿಲು ಹೂಡಿದ. ಹೊಲದ ಬದುವಿನಲಿ ನವಿಲು ಕುಣಿಯಿತು.’ ನಾಲ್ಕು ವಾಕ್ಯಕ್ಕೇ ‘ಬದುವಿನಲಿ’ ಎಂದು ಕವಿತೆಗೆ ಇಳಿದಿದ್ದೆ. ಐದನೆಯ ವಾಕ್ಯಕ್ಕೆ ಮನೆಯವರನ್ನು ಕರೆತರೋಣವೆಂದರೆ ಯಾರೂ ಬರುವ ಹಾಗಿಲ್ಲ. ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ, ಎಲ್ಲರೂ ಒತ್ತಿನವರೇ. ಕನ್ನಡದ ಅವಿಭಕ್ತ ಕುಟುಂಬ ಒತ್ತಿನಿಂದಲೇ ಕಟ್ಟಿದ್ದು ಎಂದು ನನಗೆ ಹೊಳೆದದ್ದು ಆಗ. ತಂಗಿ, ಮಾವ, ಭಾವ, ಗಂಡ, ಹೆಂಡತಿ ಮಾತ್ರ ಹೇಗೋ ನುಸುಳುತ್ತಾರೆ. ಗಂಡಹೆಂಡಿರದು ಸೊನ್ನೆಯ ಮೇಲೇ ನಿಂತ ಸಂಸಾರ. ಊಟಕ್ಕೆ ಕೂತರೆ ಸಾರಿದೆ, ಹುಳಿಯಿದೆ, ಹಾಲು ಮೊಸರಿದೆ. ಅನ್ನ ಇಲ್ಲ, ಉಪ್ಪಿಲ್ಲ, ತುಪ್ಪವಿಲ್ಲ, ಮಜ್ಜಿಗೆಯಿಲ್ಲ. ಎಲ್ಲಕ್ಕಿಂತ ದೊಡ್ಡ ಪೇಚು ಎಂದರೆ ‘ಇಲ್ಲ’ ಎನ್ನಲೂ ಒತ್ತು ಬೇಕು. ‘ಹೌದು’ ಎನ್ನಲು ಬೇಡ. ‘ಆಗಲಿ’ ಎನ್ನಲೂ ಬೇಡ. ಹಾಗಾಗಿ ನನ್ನ ಯಂತ್ರ ಯಾರು ಏನು ಕೇಳಿದರೂ ಒಪ್ಪಿಕೊಳ್ಳುವ ಸ್ಥಿತಿಯಲ್ಲಿತ್ತು. ಸಂಪಾದಕರೊಬ್ಬರು ‘ಎರಡು ದಿನದಲ್ಲಿ ಪ್ರಬಂಧ ಬೇಕು’ ಎಂದಾಗ ನಾನು ‘ಆಗುವುದಿಲ್ಲ’ ಎಂದೇ ಬರೆದದ್ದು. ಹೋದದ್ದು ‘ಆಗುವುದಿಲಲ’. ಅವರು ಅದನ್ನು ಏನೆಂದು ಓದಿಕೊಂಡರೋ, ‘ಧನ್ಯವಾದ, ಶುಕ್ರವಾರ ಸಂಜೆಯೊಳಗೆ ಕಳಿಸಿ’ ಎಂದು ಉತ್ತರಿಸಿದರು.

ಇನ್ನು ಒದೆತದ ವಿಷಯ.

ಒಂದು ಸಂಜೆ ಬರಿಗಾಲಲ್ಲಿ ಕೆಂಪು ಗಾರೆ ನೆಲದ ಮೇಲೆ ಕಾಲಿಟ್ಟು, ಚಾರ್ಜಿಗೆ ಹಾಕಿದ್ದ ಯಂತ್ರದ ಅಂಚಿಗೆ ಮುಂಗೈ ತಾಗಿಸಿದೆ. ಜುಂ ಎಂದಿತು. ಹೊಡೆದ ಹಾಗಲ್ಲ. ಮೀಸೆ ಬರುತ್ತಿರುವ ಹುಡುಗನ ಕೆನ್ನೆ ಸವರಿದ ಹಾಗೆ, ನುಣುಪಾದ ಲೋಹ ಇದ್ದಕ್ಕಿದ್ದಂತೆ ತರಿತರಿ. ಕಾಲು ಎತ್ತಿದರೆ ಮತ್ತೆ ನುಣುಪು. ಟೆಸ್ಟರ್ ತಂದು ಮುಚ್ಚಳಕ್ಕೆ ತಾಗಿಸಿ ಹಿಂದೆ ಬೆರಳಿಟ್ಟೆ. ಒಳಗಿನ ಪುಟ್ಟ ದೀಪ ಮಿಣುಕು ಹುಳದಷ್ಟು ಕೆಂಪಗೆ ಮಿನುಗಿತು.

‘ಚಪ್ಪಲಿ ಹಾಕ್ಕೊಂಡು ಬರೀರಿ’ ಎಂದಳು ಹೆಂಡತಿ.

‘ಸರಸ್ವತಿ ಎದುರು ಚಪ್ಪಲಿಯಾ?’ ಎಂದಳು ಅಮ್ಮ.

ಎರಡು ದಿನ ನಾನು ಮಣೆಯ ಮೇಲೆ ಕಾಲಿಟ್ಟು ಸಾಹಿತ್ಯ ರಚಿಸಿದೆ. ಮೂರನೆಯ ದಿನ ನಮ್ಮ ಹಳೆಯ ಎಲೆಕ್ಟ್ರಿಷಿಯನ್ ಬಂದರು. ನಲವತ್ತು ವರ್ಷದ ಕೈ ಅವರದ್ದು. ಚಾರ್ಜರನ್ನು ತಿರುಗಿಸಿ ನೋಡಿ, ‘ಎರಡೇ ಕಾಲಲ್ಲಿ ನಿಂತಿದೆ, ಅದಕ್ಕೇ’ ಎಂದರು. ಅವರು ಹೇಳಿದ ಕಾರಣ ಸರಳ. ಚಾರ್ಜರಿನೊಳಗೆ 230 ವೋಲ್ಟಿನ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ನಡುವೆ, ಗದ್ದಲದ ಅಲೆಗಳನ್ನು ತಡೆಯಲೆಂದು ಒಂದು ಪುಟ್ಟ ಕೆಪಾಸಿಟರ್ ಇಟ್ಟಿರುತ್ತಾರೆ. ಅದರ ಮೂಲಕ ಒಂದು ಮಿಲಿಆಂಪಿಯರಿನ ಸಣ್ಣದೊಂದು ಪಾಲು ಕರೆಂಟು ಸೋರುತ್ತದೆ. ಮೂರನೆಯ ಪಿನ್ ಇದ್ದರೆ ಅದು ಮರ್ಯಾದೆಯಾಗಿ ಭೂಮಿಗೆ ಇಳಿದುಹೋಗುತ್ತದೆ. ಎರಡೇ ಪಿನ್ ಇದ್ದರೆ ಲೋಹದ ಮೈಮೇಲೆ ದಾರಿ ಕಾಯುತ್ತ ಕೂತಿದ್ದು, ಬರಿಗಾಲಿನ ಮನುಷ್ಯನೊಬ್ಬ ಸಿಕ್ಕರೆ ಅವನ ಮೂಲಕ ಇಳಿಯುತ್ತದೆ. ಪ್ಲಾಸ್ಟಿಕ್ ಮೈಯ ಹಳೆಯ ಡಬ್ಬದಲ್ಲಿ ಈ ರಗಳೆಯೇ ಇರಲಿಲ್ಲ. ಜುಂ ಎನ್ನುವುದು ಲೋಹದ ಮೈಗೆ ದುಡ್ಡು ಕೊಟ್ಟವರ ಹಕ್ಕು.

ಮೂರು ಪಿನ್ನಿನ ತಂತಿ ಬೇರೆ ಮಾರಾಟಕ್ಕಿತ್ತು. ತಂದು ಹಾಕಿದೆ. ಆದರೂ ಜುಂ. ಈ ಸಲ ನನಗೆ ಯಂತ್ರದ ಮೇಲೆ ನಿಜಕ್ಕೂ ಸಿಟ್ಟು ಬಂತು. ಎಲೆಕ್ಟ್ರಿಷಿಯನ್ ಮಾತಿಲ್ಲದೆ ಒಂದು ಬಲ್ಬ್ ಹೋಲ್ಡರ್ ತೆಗೆದು, ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೂ ಫೇಸಿಗೂ ತಾಗಿಸಿದರು. ಬಲ್ಬು ಹತ್ತಲಿಲ್ಲ. ‘ಇದು ಲ್ಯಾಪ್‌ಟಾಪಿನದ್ದಲ್ಲ ಸ್ವಾಮಿ, ನಿಮ್ಮ ಮನೆಯದ್ದು’ ಎನ್ನುತ್ತ ಹಿತ್ತಲಿಗೆ ನಡೆದರು.

ಕರಿಬೇವಿನ ಗಿಡದ ಪಕ್ಕ ಅಪ್ಪ ಮನೆ ಕಟ್ಟಿಸಿದಾಗ ಹಾಕಿಸಿದ್ದ ಅರ್ಥ್ ಗುಂಡಿ ಇದೆ. ನೆಲದಲ್ಲಿ ಕಬ್ಬಿಣದ ಪೈಪು, ಸುತ್ತ ಇದ್ದಿಲು ಉಪ್ಪು. ಆ ಗುಂಡಿ ಕೆಲಸ ಮಾಡಬೇಕಾದರೆ ಒದ್ದೆಯಾಗಿರಬೇಕು. ಅಷ್ಟು ವರ್ಷ ಅದು ಒದ್ದೆಯಾಗಿಯೇ ಇತ್ತು, ಯಾರೂ ಅದಕ್ಕೆಂದು ನೀರು ಹಾಕಿದ್ದೇ ಇಲ್ಲ. ಅಮ್ಮ ದಿನಾ ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಸುರಿಯುತ್ತಿದ್ದಳು, ಅದರ ಪಾಲು ಗುಂಡಿಗೂ ಸೇರುತ್ತಿತ್ತು. ಎರಡು ವರ್ಷದ ಹಿಂದೆ ಅವಳ ಮೊಣಕಾಲು ನೋವು ಹೆಚ್ಚಾಗಿ ಹಿತ್ತಲ ಮೆಟ್ಟಿಲು ಇಳಿಯುವುದು ನಿಂತಿತು. ಅಕ್ಕಿಯ ನೀರು ಸಿಂಕಿಗೆ ಹೋಗತೊಡಗಿತು. ಕರಿಬೇವು ಸೊರಗಿದ್ದನ್ನು ನಾವೆಲ್ಲ ನೋಡಿದ್ದೆವು, ಮಣ್ಣಿಗೇ ಜೀವವಿಲ್ಲ ಎಂದು ಮಾತಾಡಿಕೊಂಡಿದ್ದೆವು. ಮನೆಯ ಬುಡವೂ ಒಣಗಿದ್ದು ಯಾರಿಗೂ ಗೊತ್ತಾಗಿರಲಿಲ್ಲ. 1,38,000 ರೂಪಾಯಿಯ ಯಂತ್ರವೊಂದು ಬಂದು ಮುಂಗೈ ಮುಟ್ಟಿ ಹೇಳಬೇಕಾಯಿತು.

ತುಕ್ಕು ಹಿಡಿದ ತಂತಿಯ ತುದಿ ಉಜ್ಜಿ ಬಿಗಿದು, ಎರಡು ಸೇರು ಕಲ್ಲುಪ್ಪು ಹಾಕಿ, ನಾಲ್ಕು ಕೊಡ ನೀರು ಸುರಿದೆವು. ಗುಂಡಿ ಗಟಗಟ ಕುಡಿಯಿತು. ಒಳಗೆ ಬಂದು ಬರಿಗಾಲಲ್ಲಿ ನಿಂತು ಮುಂಗೈ ತಾಗಿಸಿದೆ. ರೇಷ್ಮೆ. ಟೆಸ್ಟರಿನ ದೀಪ ಕಣ್ಣು ಬಿಡಲಿಲ್ಲ. ಆವತ್ತಿನಿಂದ ಅಕ್ಕಿ ತೊಳೆದ ನೀರನ್ನು ಹಿತ್ತಲಿಗೆ ಒಯ್ಯುವುದು ನನ್ನ ಪಾಲಿನ ಕೆಲಸ. ಕರಿಬೇವು ಈಗ ಚಿಗುರಿದೆ. ಒಗ್ಗರಣೆಗೆ ಎಲೆ ಕೀಳುವಾಗಲೆಲ್ಲ ಹೆಂಡತಿ, ‘ನಿಮ್ಮ ಲ್ಯಾಪ್‌ಟಾಪಿನ ಸೊಪ್ಪು’ ಎನ್ನುತ್ತಾಳೆ.

ಎಫ್ ಮಾತ್ರ ಹಾಗೇ ಇದೆ. ಸರಿಹೋದದ್ದು ನನ್ನ ಎಡಗೈ ತೋರುಬೆರಳು. ಬೇರೆ ಬೆರಳುಗಳು ಕೀಗಳ ಮೇಲೆ ಹಾದುಹೋಗುತ್ತವೆ, ಅದು ಮಾತ್ರ ಗುದ್ದಲಿಯಂತೆ ಇಳಿಯುತ್ತದೆ. ಮೊನ್ನೆ ಮಗಳ ಲ್ಯಾಪ್‌ಟಾಪಿನಲ್ಲಿ ಏನೋ ಬರೆಯಲು ಕೂತಾಗ, ‘ಅಪ್ಪಾ, ಅದಕ್ಕೆ ಯಾಕೆ ಹಾಗೆ ಹೊಡೀತೀಯ?’ ಎಂದು ಕಿತ್ತುಕೊಂಡಳು. ಇನ್ನೊಂದು ಲಾಭವೂ ಆಗಿದೆ. ಪ್ರತಿ ಒತ್ತಿಗೂ ಒಂದು ಕ್ಷಣ ನಿಂತು ಪರದೆ ನೋಡಬೇಕಾಗಿರುವುದರಿಂದ ಬರವಣಿಗೆ ನಿಧಾನವಾಗಿದೆ. ‘ಅತ್ಯಂತ’, ‘ಅತ್ಯುತ್ತಮ’, ‘ಅತ್ಯಮೂಲ್ಯ’ ಮೊದಲಾದ ಒತ್ತಿನ ಭಾರದ ಪದಗಳು ಬರುವಷ್ಟರಲ್ಲಿ, ಇದು ಬೇಕೇ ಎಂದು ಬೆರಳೇ ಕೇಳುತ್ತದೆ. ಎಷ್ಟೋ ಸಲ ಬೇಡವಾಗಿರುತ್ತದೆ.

ಹೋದ ವಾರ ದಾವಣಗೆರೆಯವನು ಮತ್ತೆ ಬರೆದ. ಅವನ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಒಂದು ಒಳ್ಳೆಯ ಲ್ಯಾಪ್‌ಟಾಪ್ ಬೇಕು. ‘ಹೇಗೂ ನಿನ್ನದು ಒತ್ತು ಬಾರದ್ದು. ಅವನು ಇಂಗ್ಲಿಷಿನಲ್ಲೇ ಬರೆಯೋದು, ಅವನಿಗೆ ನಡೆಯುತ್ತೆ. ಅರ್ಧ ಬೆಲೆಗೆ ಕೊಡ್ತೀಯಾ?’

ನ್ಯಾಯವಾದ ಮಾತು. ಅಂಥ ಹುಡುಗನ ಕೈಗೆ ಹೋದರೆ ಇದರಲ್ಲಿ ದೋಷವೇ ಇಲ್ಲ. ಅರ್ಧ ದುಡ್ಡು ಬಂದರೆ ಒಂದು ಸೀಮೆಹಸುವಾದರೂ ಆಯಿತು. ಸ್ವಲ್ಪ ಹೊತ್ತು ಯೋಚಿಸಿ, ಎಂದಿನಂತೆ ಪರದೆಯ ಮೇಲೆ ಕಣ್ಣಿಟ್ಟು, ಉತ್ತರದ ಎರಡೇ ಅಕ್ಷರ ಟೈಪ್ ಮಾಡಿದೆ.

‘ಇಲ್ಲ.’

ಒತ್ತು ಒಂದೇ ಏಟಿಗೆ ಬಂತು.